ಮೂರನೆಯ ರೀಲು ಬಾರದ ದಿನ

"ಗುರುಗಳೇ, ನನ್ನ ಹೆಂಡತಿಗೆ ಇರುವುದು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಗಳಿಗೆಗೊಂದು ಮನಸ್ಸಾಗುವ ಕಾಯಿಲೆ ಎಂದು ಡಾಕ್ಟರು ಹೇಳಿದರು. ಆ ಕಾಯಿಲೆಯ ಹೆಂಗಸಿನ ಮೇಲೆ ತೆಗೆದ ಸಿನಿಮಾ ಒಂದನ್ನು ನೋಡಿದೆ. ಕೊನೆಗೆ ಅವಳು ಚಾಕು ಹಿಡಿಯುತ್ತಾಳೆ. ಇವಳನ್ನು ಬಿಟ್ಟುಬಿಡಲೇ?" ಎಂದು ಶಿಷ್ಯ ಚನ್ನವೀರ ಕೇಳಿದ.

"ಭಲೇ! ಸಿನಿಮಾ ನೋಡಿ ಸಂಸಾರದ ತೀರ್ಪು ಕೊಡುವವನೇ, ಕುಳಿತುಕೋ" ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ಹೆಂಡತಿ ಬೆಳಿಗ್ಗೆ "ನೀವೇ ನನ್ನ ದೇವರು" ಎನ್ನುತ್ತಿದ್ದಳು. ಸಂಜೆ ಅವನು ಬರುವುದು ಸ್ವಲ್ಪ ತಡವಾದರೆ "ನಿಮ್ಮಂಥ ಕಟುಕ ಇನ್ನೊಬ್ಬನಿಲ್ಲ" ಎಂದು ಚೆಂಬು ಎಸೆಯುತ್ತಿದ್ದಳು. ಆಮೇಲೆ ಕಾಲು ಹಿಡಿದು ಅಳುತ್ತಿದ್ದಳು. ಹೇಳಿ ಹೊರಟರೆ ರಂಪ. ಅದಕ್ಕೇ ಅವನು ಸಂತೆಗೆ ಹೋಗುವಾಗ ಹಿತ್ತಿಲ ಬಾಗಿಲಿಂದ ಸದ್ದಿಲ್ಲದೆ ಜಾರಿಕೊಳ್ಳುತ್ತಿದ್ದ.

ಊರಿಗೆ ಟೂರಿಂಗ್ ಟಾಕೀಸ್ ಬಂತು. ಆಗ ಎರಡು ಊರಿನ ಟೆಂಟುಗಳಿಗೆ ಒಂದೇ ಸಿನಿಮಾ. ಪಕ್ಕದೂರಿನಲ್ಲಿ ಓಡಿದ ರೀಲುಗಳನ್ನು ಒಂದೊಂದಾಗಿ ಸೈಕಲ್ಲಿನಲ್ಲಿ ಇಲ್ಲಿಗೆ ತರುತ್ತಿದ್ದರು. ಅಂದು ಒಂದು ಸೈಕಲ್ ದಾರಿಯಲ್ಲಿ ಪಂಕ್ಚರ್ ಆಗಿ, ಮೂರನೆಯ ರೀಲು ಬರುವ ಮೊದಲೇ ನಾಲ್ಕನೆಯದು ಬಂತು. ಜನ ಕೂಗೆಬ್ಬಿಸಿದರು. ಟೆಂಟಿನವನು ಹೆದರಿ ಅದನ್ನೇ ಹಾಕಿಬಿಟ್ಟ; ಮೂರನೆಯದು ಕೊನೆಗೂ ಬರಲೇ ಇಲ್ಲ. ತೆರೆಯ ಮೇಲೆ ಗಂಡ ಹೊರಟ ಕೂಡಲೇ ನಾಯಕಿ ಮಡಕೆ ಒಡೆದಳು, ಬಾಗಿಲಿಗೆ ಅಡ್ಡ ನಿಂತು ಕಿರುಚಿದಳು. "ಮಾರಿ! ಮಾರಿ!" ಎಂದು ಜನ ಕೇಕೆ ಹಾಕಿದರು. ವ್ಯಾಪಾರಿಯೂ ಹಾಕಿದ. ನಾಳೆ ಸಂತೆ ಮುಗಿಸಿ ಬಂದು ಹೆಂಡತಿಯನ್ನು ತವರಿಗೆ ಬಿಟ್ಟುಬರುವುದೆಂದು ಅಲ್ಲೇ ನಿಶ್ಚಯಿಸಿದ.

ಸಂತೆ ಇದ್ದದ್ದು ಆ ಪಕ್ಕದೂರಿನಲ್ಲೇ. ಮರುದಿನ ಸಂಜೆ ಅಲ್ಲಿನ ಟೆಂಟಿನಿಂದ ಜನ ಕಣ್ಣೊರೆಸಿಕೊಂಡು ಹೊರಬರುತ್ತಿದ್ದರು. "ಆ ಮಾರಿಗಾಗಿ ಅಳುವುದೇ?" ಎಂದು ವ್ಯಾಪಾರಿ ನಕ್ಕ. ಒಬ್ಬ ಅಜ್ಜಿ, "ಅವಳನ್ನು ಅಪ್ಪ ಬಿಟ್ಟುಹೋದದ್ದನ್ನು ನೀನು ನೋಡಲಿಲ್ಲವೇನಪ್ಪಾ?" ಎಂದಳು. ಅವನು ಟಿಕೆಟ್ ಕೊಂಡು ಮುಂದಿನ ಆಟಕ್ಕೆ ಕೂತ. ತಪ್ಪಿಹೋಗಿದ್ದ ರೀಲಿನಲ್ಲಿ ನಾಯಕಿ ಪುಟ್ಟ ಹುಡುಗಿ. ಅಪ್ಪ ಅವಳನ್ನು ಛತ್ರದ ಜಗಲಿಯಲ್ಲಿ ಕೂರಿಸಿ, "ಈಗ ಬಂದೆ ಮಗಳೇ" ಎಂದು ಒಳಗೆ ಹೋಗಿ, ಹಿಂಬಾಗಿಲಿಂದ ಹೊರಟುಹೋದ. ಹುಡುಗಿ ಮುಂಬಾಗಿಲನ್ನೇ ನೋಡುತ್ತ ಕೂತಿದ್ದಳು. ವ್ಯಾಪಾರಿ ಆಟ ಮುಗಿಯುವ ಮೊದಲೇ ಎದ್ದು ಮನೆಯ ದಾರಿ ಹಿಡಿದ.

ಅಂದಿನಿಂದ ಅವನು ಹೆಂಡತಿಗೆ ಹೇಳಿ, ರಂಪವನ್ನು ಎದುರಿಸಿ, ಮುಂಬಾಗಿಲಿಂದಲೇ ಹೊರಡುತ್ತಿದ್ದ. ಹೇಳಿದ ಹೊತ್ತಿಗೆ ಬರುತ್ತಿದ್ದ. ಅವಳ ಕಾಯಿಲೆ ಹೋಯಿತೆಂದು ನಾನು ಹೇಳುವುದಿಲ್ಲ, ಅದಕ್ಕೆ ಡಾಕ್ಟರಿದ್ದಾರೆ. ಚೆಂಬು ಆಗಾಗ ಹಾರುತ್ತಲೇ ಇತ್ತು. ಆದರೆ ತವರಿಗೆ ಬಿಡುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

"ನಾನು ನೋಡಿದ ಸಿನಿಮಾದಲ್ಲಿ ಅಂಥ ರೀಲೇ ಇರಲಿಲ್ಲವಲ್ಲ, ಗುರುಗಳೇ" ಎಂದ ಚನ್ನವೀರ.

ಗುರುಗಳು ಕೇಳಿದರು: "ಅದಿರಲಿ ಮಾರಾಯ, ಇವತ್ತು ಇಲ್ಲಿಗೆ ಬರುವಾಗ ನೀನು ಯಾವ ಬಾಗಿಲಿಂದ ಹೊರಟೆ?"