ಹಾಲು ಉಕ್ಕುವವರೆಗೆ

“ಈ ಒಲೆ ಇನ್ನೊಬ್ಬಳ ಅಡುಗೆಮನೆಗೆ ಹೋಗದಂಗೆ ನೋಡ್ಕಳಿ,” ಅಂದಿದ್ದಳು ಪುಟ್ಟಸಿದ್ದಮ್ಮ. ಅದೇ ಅವಳ ಕೊನೆಯ ಮಾತು.

ಅವಳ ಗಂಡ ಒಂದು ಸಂಶೋಧನಾ ಸಂಸ್ಥೆಯಲ್ಲಿ ಜವಾನ. ಸರ್ಕಾರದ ಅನುದಾನದಲ್ಲಿ ಅಲ್ಲಿ ತಯಾರಾದ ‘ಹೊಗೆರಹಿತ ಒಲೆ’ಯನ್ನು ಪರೀಕ್ಷೆಗೆಂದು ಮೊದಲು ಅವನ ಮನೆಯಲ್ಲೇ ಇಟ್ಟಿದ್ದರು. ಎರಡು ವರ್ಷ ಅದರ ಹೊಗೆ ಕುಡಿದೇ ಅವಳು ಹೋದಳು.

ತಿಂಗಳು ತುಂಬುವ ಮೊದಲೇ ನಿರ್ದೇಶಕರು ಅವನನ್ನು ಕರೆದರು.

“ನಾಳೆ ಅನುದಾನದ ಸಮಿತಿ ಬರುತ್ತೆ. ಅವರು ಒಪ್ಪಿದರೆ ಕಾರ್ಖಾನೆಯವರು ಈ ಒಲೆ ಮಾಡಿ ಊರೂರಿಗೆ ಮಾರ್ತಾರೆ. ಹೊಗೆಯೇ ಇಲ್ಲ ಅಂತ ನೀನು ಹೇಳಬೇಕು. ಇಲ್ಲಾಂದ್ರೆ ನಿನ್ನ ಕೆಲಸ ಇಲ್ಲ.”

“ಆಗಲಿ ಬುದ್ಧಿ.”

ಸಮಿತಿಯ ಮುಂದೆ ಅವನು ಹಾಗೇ ಹೇಳಿದ. ಆಮೇಲೆ ಕೈಮುಗಿದ. “ಹೊಸ ಒಲೇಲಿ ಮೊದಲು ಹಾಲು ಉಕ್ಕಿಸಬೇಕು ಸ್ವಾಮಿ. ಉಕ್ಕೋವರೆಗೂ ಯಾರೂ ಏಳಬಾರದು.”

ಸಮಿತಿಯವರು ಮೆಚ್ಚಿಕೊಂಡು ತಲೆಯಾಡಿಸಿದರು. ಮುಚ್ಚಿದ ಎ.ಸಿ. ಕೋಣೆಯಲ್ಲಿ ಸಮಿತಿಗೆ ತೋರಿಸಲೆಂದು ಇಟ್ಟಿದ್ದ ಹೊಸ ಒಲೆಯನ್ನು ಅವನು ಹಚ್ಚಿ, ತಂದಿದ್ದ ಹಾಲನ್ನು ಅದರ ಮೇಲಿಟ್ಟ. ನಿರ್ದೇಶಕರು ಕಿಟಕಿಯ ಕಡೆ ಹೊರಟರು.

“ಹೊಗೆಯೇ ಬರದ ಒಲೆಗೆ ಕಿಟಕಿ ಯಾಕೆ ಬುದ್ಧಿ? ಕೂತ್ಕಳಿ.”

ಹಾಲು ಬೆಚ್ಚಗಾಗುವ ಮೊದಲೇ ಸಮಿತಿಯ ಅಧ್ಯಕ್ಷರು ಕೆಮ್ಮುತ್ತಾ ಹೊರಗೆ ಓಡಿದರು; ಹಿಂದೆಯೇ ನಿರ್ದೇಶಕರೂ ಉಳಿದವರೂ ಓಡಿದರು. ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತಲೇ ಕಡತದ ಮೇಲೆ ‘ಒಪ್ಪಿಗೆ ಇಲ್ಲ’ ಎಂದು ಬರೆದರು.

“ಏನಯ್ಯಾ ಮಾಡಿಬಿಟ್ಟೆ?” ಅಂದರು ನಿರ್ದೇಶಕರು.

“ನೀವು ಒಂದು ಗಳಿಗೆಯೂ ಕೂರಲಿಲ್ಲ ಬುದ್ಧಿ. ಅವಳು ಎರಡು ವರ್ಷ ಕೂತಿದ್ದಳು.”

ಮರುದಿನ ಬೆಳಿಗ್ಗೆ ಅವನು ಕೆಲಸಕ್ಕೆ ಹೋಗಲಿಲ್ಲ. ಉಕ್ಕದೇ ಉಳಿದ ಆ ಹಾಲನ್ನು ಕೊಂಡೊಯ್ದು ಅವಳ ಸಮಾಧಿಗೆ ಎರೆದ.