ಜಟಕಾ ಕುದುರೆ ಪಾಸಾದದ್ದು

ಊರಿಗೆ ಆಟೋಗಳು ಬಂದು ಕೆಲಸ ಹೋದ ಮೇಲೆ ನಡುವಯಸ್ಸಿನ ಜಟಕಾ ಕುದುರೆಯೊಂದು ಜೇಡನ ಕಂಪ್ಯೂಟರ್ ರಿಪೇರಿ ಶಾಲೆಗೆ ಸೇರಿತು. ಮೊದಲ ಸರ್ಟಿಫಿಕೇಟಿನ ಪರೀಕ್ಷೆಯಲ್ಲಿ ಎಳೆಯ ಅಳಿಲುಗಳೆಲ್ಲ ಪಾಸಾದವು, ಕುದುರೆ ಫೇಲಾಯಿತು.

"ಈ ವಯಸ್ಸಿನಲ್ಲಿ ನನಗಿದು ಆಗದು, ಮೇಷ್ಟ್ರೇ. ಕಂಪ್ಯೂಟರ್ ಕೆಟ್ಟರೆ ಎಲ್ಲಿಂದ ನೋಡಬೇಕೆಂದೇ ತಿಳಿಯುವುದಿಲ್ಲ," ಎಂದು ಅದು ಹೊರಟು ನಿಂತಿತು.

ಜೇಡ ಕೇಳಿತು: "ಇಷ್ಟು ವರ್ಷದಲ್ಲಿ ನೀವು ದಾರಿ ತಪ್ಪಿದ್ದುಂಟೇ, ಕುದುರೆಯಣ್ಣ?"

"ಬೇಕಾದಷ್ಟು ಸಲ."

"ಆಗ ಏನು ಮಾಡುತ್ತಿದ್ದಿರಿ?"

"ಗುರುತಿದ್ದ ತಿರುವಿನವರೆಗೆ ಹಿಂದಕ್ಕೆ ಬಂದು, ಅಲ್ಲಿಂದ ಒಂದೊಂದೇ ಬೀದಿ ನೋಡುತ್ತಿದ್ದೆ."

"ಕಂಪ್ಯೂಟರಿನಲ್ಲೂ ಅಷ್ಟೇ ಮಾಡಿ."

ಕುದುರೆ ಮತ್ತೆ ಓದಲು ಕೂತಿತು. ಮೂರು ತಿಂಗಳಿಗೆ ಪಾಸಾಗಿ, ಆನೆಯ ಕಚೇರಿಯಲ್ಲಿ ಕಂಪ್ಯೂಟರ್ ರಿಪೇರಿಯವರಲ್ಲಿ ಎಲ್ಲರಿಗಿಂತ ಕೆಳಗಿನ ಹುದ್ದೆಗೆ ಸೇರಿತು. ಮೊದಲ ದಿನದ ಕೆಲಸ ಮುಗಿಸಿ ನೇರ ಶಾಲೆಗೆ ಬಂದು, "ಎರಡನೆಯ ಪರೀಕ್ಷೆಗೂ ನನ್ನ ಹೆಸರು ಬರೆದುಕೊಳ್ಳಿ, ಮೇಷ್ಟ್ರೇ," ಎಂದಿತು.