ಕೌದಿಗೆ ರೊಟ್ಟಿ ಉಣಿಸಿದ ಫಕೀರವ್ವ

ಸಂತೆ ಅನ್ನುವುದು ಆಗಷ್ಟೇ ಫೋನಿನೊಳಗೆ ಬಂದು ಕೂತಿದ್ದ ಕಾಲ. ಬೆಣ್ಣಿಹಳ್ಳದ ದಂಡೆಯ ಒಂದೂರಿನಲ್ಲಿ ಫಕೀರವ್ವ ಎಂಬಾಕೆ ಇದ್ದಳಂತೆ. ಕೌದಿ ಹೊಲಿಯುವವಳು. ಹಳೆಯ ಸೀರೆ, ಹರಿದ ಧೋತರ, ಯಾರದೋ ಕುಬಸದ ತುಂಡು, ಏನು ಕೊಟ್ಟರೂ ಒಂದರ ಮೇಲೊಂದು ಹಾಸಿ, ಬಿತ್ತಿದ ಸಾಲಿನಂತೆ ನೆಟ್ಟಗೆ ದಾರ ಓಡಿಸುತ್ತಿದ್ದಳಂತೆ. ಅವಳ ಕೌದಿ ಹೊದ್ದರೆ ಜ್ವರ ಇಳಿಯುತ್ತಿತ್ತು ಅನ್ನುತ್ತಾರೆ. ಇಳಿಯುತ್ತಿತ್ತೋ ಇಲ್ಲವೋ, ಬೆಚ್ಚಗಂತೂ ಇರುತ್ತಿತ್ತು.

ಆ ಊರಲ್ಲಿ ಒಂದು ಪದ್ಧತಿ. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮನೆಯಿಂದ ಕಳಿಸಬಾರದು. ಕೊನೆಯ ಮೂಲೆ ಹೊಲಿಯುವ ಮೊದಲು ಒಳಗೊಂದು ಚೂರು ಒಣಗಿಸಿದ ಕಟಕ ರೊಟ್ಟಿ ಇಟ್ಟು ಮುಚ್ಚಬೇಕು. ಹೊದ್ದವರಿಗೆ ಉಣ್ಣುವುದಕ್ಕೆ ಕೊರತೆಯಾಗದಿರಲಿ ಅಂತ.

ಫಕೀರವ್ವನ ಸೊಸೆ ಈರಮ್ಮ ಫೋನು ಬಲ್ಲವಳು. ಕೌದಿಗಳ ಫೋಟೊ ತೆಗೆದು, ದೊಡ್ಡದೊಂದು ಆನ್‌ಲೈನ್ ಸಂತೆಯಲ್ಲಿ ‘ಫಕೀರವ್ವನ ಕೌದಿ’ ಅಂತ ಅಂಗಡಿ ತೆರೆದಳಂತೆ. ಹಳ್ಳ ದಾಟದ ಹೆಸರು ಹನ್ನೆರಡು ರಾಜ್ಯ ದಾಟಿತು. ಓಣಿಯ ಆರು ಹೆಂಗಸರಿಗೆ ಕೈತುಂಬ ಕೆಲಸ. ಫಕೀರವ್ವ ಮಾತ್ರ ಪಾರ್ಸಲ್ ಮೇಲೆ ಅಚ್ಚಾದ ತನ್ನ ಹೆಸರಿನ ಮೇಲೆ ದಿನಾ ಬೆರಳಾಡಿಸುತ್ತಿದ್ದಳಂತೆ. ರೇಶನ್ ಕಾರ್ಡು ಬಿಟ್ಟರೆ ಆ ಹೆಸರನ್ನು ಅದುವರೆಗೆ ಯಾರೂ ಎಲ್ಲೂ ಬರೆದಿರಲಿಲ್ಲ.

ಆಮೇಲೆ ಯಾವ ಪುಣ್ಯಾತ್ಮರೋ ಕೌದಿ ತರಿಸಿ, ಮೂಲೆ ಗಡುಸಾಗಿದೆಯೆಂದು ಬಿಚ್ಚಿ ನೋಡಿ, ‘ಒಳಗೆ ಕೊಳಕು ಆಹಾರ’ ಅಂತ ದೂರು ಬರೆದರು. ಬೆಳಗಾಗುವುದರಲ್ಲಿ ಅಂಗಡಿ ಮುಚ್ಚಿತ್ತು. ಇಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ತಿಂಗಳೊಳಗೆ ಅದೇ ಸಂತೆಯಲ್ಲಿ, ಅದೇ ಫೋಟೊ ಹಾಕಿ, ಅವಳ ಹೆಸರನ್ನೇ ಹಚ್ಚಿ, ಯಾವುದೋ ಕಾರ್ಖಾನೆಯ ಮಷಿನ್ ಹೊದಿಕೆ ಮಾರಾಟಕ್ಕೆ ಬಂತು! ಫೋಟೊದ ಅಂಚಿನಲ್ಲಿ ಫಕೀರವ್ವನ ಹೆಬ್ಬೆರಳೂ ಇತ್ತಂತೆ. ಇದಕ್ಕೆ ಕಳ್ಳತನ ಅನ್ನದೆ ಮತ್ತೇನನ್ನಬೇಕು?

ಇನ್ನು ಮುಂದೆ ಆಹಾರ ಇಡುವುದಿಲ್ಲವೆಂದು ತಪ್ಪೊಪ್ಪಿಕೊಂಡರೆ ಅಂಗಡಿ ತೆರೆಯಬಹುದು ಅಂತ ಫೋನು ಹೇಳುತ್ತಿತ್ತು. ಬರೆದುಬಿಡೋಣ ಅಂದಳು ಈರಮ್ಮ.

“ನಾ ಏನ್ ಇಲಿಪಾಷಾಣ ಇಟ್ಟಿದ್ನೇನಬೇ? ರೊಟ್ಟಿ ಇಟ್ಟೀನಿ!” ಅಂದಳಂತೆ ಫಕೀರವ್ವ.

ಮರುದಿನವೇ ಬಸ್ಸು ಹತ್ತಿ, ಹೆದ್ದಾರಿ ಮಗ್ಗುಲಿನ ಆ ಸಂತೆಯ ಗೋದಾಮಿಗೆ ಹೋಗಿ, ಗೇಟಿನ ಮುಂದೆ ಕೌದಿ ಹಾಸಿ ಕೂತಳು. ಮೂರು ದಿನ ಅನ್ನುತ್ತಾರೆ ಕೆಲವರು, ಇಪ್ಪತ್ತೊಂದು ದಿನ ಅನ್ನುತ್ತಾರೆ ಕೆಲವರು. ಅವಳನ್ನು ಕಂಡು ಒಂದು ಲಾರಿ ಮಂಡಿಯೂರಿತು ಅಂತಲೂ ಅನ್ನುತ್ತಾರೆ. ಟೈರು ಪಂಕ್ಚರ್ ಆಗಿರಬೇಕು.

ಅವಳು ಕೇಳಿದ್ದು ಒಂದೇ. ನನ್ನ ಅಂಗಡಿ ಮುಚ್ಚಿದವರು ಯಾರು, ಬಂದು ಮುಖ ತೋರಿಸಲಿ. ಸಾವಿರ ಹೊಲಿಗೆ ಹಾಕಿದವಳ ಹೆಬ್ಬೆರಳನ್ನು ಲೋಕವೆಲ್ಲ ನೋಡಬಹುದು, ಒಂದು ಗುಂಡಿ ಒತ್ತಿದವನ ಮುಖ ಮಾತ್ರ ಯಾರಿಗೂ ಕಾಣಬಾರದೇ, ಅನ್ನುವುದು ಅವಳ ಸಿಟ್ಟು.

ಕಡೆಗೆ ಟೈ ಕಟ್ಟಿದ ಮ್ಯಾನೇಜರು ಹೊರಬಂದ. “ಯಾರೂ ಮುಚ್ಚಿಲ್ಲಮ್ಮ. ದೂರು ಬಂದರೆ ಅದು ತಾನಾಗೇ ಮುಚ್ಚಿಕೊಳ್ಳುತ್ತೆ.”

“ನಮ್ಮನಿ ಬಾಗ್ಲಾ ತಾನ ಮುಚ್ಕೊಂಡ್ರ ನಾವು ಬಡಿಗ್ಯಾನ್ನ ಕರಸ್ತೀವಿ. ನಿಮ್ಮ ಬಡಿಗ್ಯಾ ಎಲ್ಲಿದಾನ? ಕರೀಪಾ.”

ಬಡಗಿ ಬರಲಿಲ್ಲ. ಆದರೆ ಪಾರ್ಸಲ್ ಒಯ್ಯುವ ಗಂಡಸರು ಅಲ್ಲೇ ನಿಂತು ಕೇಳಿಸಿಕೊಂಡಿದ್ದರು. ಅವಳ ಹೆಸರಿನ ಮಷಿನ್ ಹೊದಿಕೆ ಒಯ್ದಲ್ಲೆಲ್ಲ, ಇದು ಅಕಿ ಹೊಲಿದದ್ದಲ್ರಿ, ಅಕಿ ಗೇಟಿನ ಮುಂದ ಕುಂತಾಳ, ಅಂತ ಹೇಳಿ ಅವಳ ನಂಬರು ಕೊಟ್ಟು ಬಂದರಂತೆ. ಕೊಂಡವರು ಹೊದಿಕೆ ವಾಪಸು ಕಳಿಸಿ ನೇರ ಅವಳಿಗೇ ಫೋನು ಮಾಡತೊಡಗಿದರು. ಅವಳು ಪ್ರತಿಯೊಬ್ಬರಿಗೂ ತನ್ನ ಹೆಸರು, ಹೊಲಿದ ಹೆಂಗಸಿನ ಹೆಸರು ಹೇಳಿ, ಒಳಗೆ ರೊಟ್ಟಿ ಇದೆ, ಒಲ್ಲದಿದ್ದರೆ ಕೊಳ್ಳಬೇಡಿ ಅನ್ನುತ್ತಿದ್ದಳಂತೆ. ಒಲ್ಲೆ ಅಂದವರು ಕಡಿಮೆ.

ಆ ಸಂತೆಯಲ್ಲಿ ಅವಳ ಅಂಗಡಿ ಕೊನೆಗೂ ತೆರೆಯಲಿಲ್ಲ. ಕಳ್ಳಮಾಲು ಮಾತ್ರ ಅವಳ ಹೆಸರಲ್ಲಿ ಈಗಲೂ ಬಿಕರಿಯಾಗುತ್ತದೆ ಅನ್ನುತ್ತಾರೆ. ನಾಚಿಕೆಗೆಟ್ಟವರು.

ಫಕೀರವ್ವ ಹೋಗಿ ಯಾವ ಕಾಲವಾಯಿತೋ. ಹಳ್ಳದ ಆಚೀಚೆಯ ಹೆಂಗಸರು ಇವತ್ತಿಗೂ ಫೋನಿನಲ್ಲಿ ಹಪ್ಪಳ ಮಾರಲಿ, ಚಟ್ನಿಪುಡಿ ಮಾರಲಿ, ಕೊಳ್ಳುವವರ ಹತ್ತಿರ ಒಮ್ಮೆ ಮಾತಾಡದೆ ಪಾರ್ಸಲ್ ಕಟ್ಟುವುದಿಲ್ಲ. ತಮ್ಮ ಹೆಸರು ಹೇಳಿ ಅವರ ಹೆಸರು ಕೇಳುತ್ತಾರೆ. ಮೀಟಿಂಗಿನಲ್ಲಿದ್ದೇನೆ, ಸುಮ್ಮನೆ ಕಳಿಸಿ ಅಂದವರಿಗೆ, “ಆತ್ರೀ, ಸಾವಕಾಶ ಫೋನ್ ಮಾಡ್ರಿ, ಕಾಯ್ತೀವಿ” ಅಂದು ಡಬ್ಬಿಯನ್ನು ಪಕ್ಕಕ್ಕಿಟ್ಟು ಬೇರೆ ಕೆಲಸ ನೋಡುತ್ತಾರೆ.